ರಕ್ತದ ಹನಿಯ ಲೆಕ್ಕ
ಗೋಡೆಗೆ ಸಿಡಿದ ರಕ್ತ ಸುಳ್ಳು ಹೇಳಲ್ಲ ಅಂತಾರೆ. ನಿಜಾನಾ?

ಅಮೆರಿಕದ ಡಾಕ್ಟರ್ ಸ್ಯಾಮ್ ಶೆಪರ್ಡ್ 1954ರಲ್ಲಿ ಪತ್ನಿಯ ಕೊಲೆ ಕೇಸಲ್ಲಿ ಜೈಲು ಸೇರಿದ. ಮರುವರ್ಷ ವಿಜ್ಞಾನಿ ಪಾಲ್ ಕರ್ಕ್ ಆ ಕೋಣೆಯ ರಕ್ತದ ಕಲೆಗಳನ್ನು ಓದಿ, ಕೊಂದವನು ಎಡಗೈಯವನು, ಶೆಪರ್ಡ್ ಬಲಗೈಯವನು ಎಂದ. ಕೋರ್ಟ್ ಕೇಳಲಿಲ್ಲ.

ಲೆಕ್ಕ ಸರಳ. ಕಲೆಯ ಅಗಲವನ್ನು ಉದ್ದದಿಂದ ಭಾಗಿಸಿದರೆ ಹನಿ ಬಡಿದ ಕೋನದ ಸೈನ್ ಸಿಗುತ್ತೆ. ನಾನು ಇಂಜಿನಿಯರಿಂಗಲ್ಲಿ ಬಳಸಿದ ತ್ರಿಕೋನಮಿತಿಯೇ! ಹಿಂದೆ ದಾರ ಕಟ್ಟಿ ಮೂಲ ಹುಡುಕ್ತಿದ್ರು. ಈಗ ಫೋಟೋ ಕೊಟ್ಟರೆ ಕಂಪ್ಯೂಟರೇ ಗೆರೆ ಎಳೆಯುತ್ತೆ. ಆದರೆ ಗೆರೆ ನೇರ, ಹನಿ ಬಾಗಿ ಬೀಳುತ್ತೆ. ಈ ವಿದ್ಯೆಯಲ್ಲಿ ಅನಿಶ್ಚಿತತೆ ಅಪಾರ ಎಂದು 2009ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ವರದಿಯೇ ಎಚ್ಚರಿಸಿತು.

ಶೆಪರ್ಡ್ ಖುಲಾಸೆಯಾಗಿದ್ದು 1966ರಲ್ಲಿ. ಮೊದಲ ವಿಚಾರಣೆ ನ್ಯಾಯಯುತವಲ್ಲ ಎಂದ ಸುಪ್ರೀಂ ಕೋರ್ಟ್ ಕೊಟ್ಟ ಕಾರಣ ರಕ್ತವಲ್ಲ, ಮಾಧ್ಯಮದ ಅಬ್ಬರ. ವೀಕ್ಷಕರೇ, ಅದು ನಮಗೇ ಹೇಳಿದ ಮಾತು.