ಮಕ್ಕಳ ಮೇಲಿನ ಗಂಭೀರ ಅಪರಾಧಗಳಿಗೆ ಕಡ್ಡಾಯ ಕನಿಷ್ಠ ಶಿಕ್ಷೆ: ಕಾನೂನು, ಚರ್ಚೆ ಮತ್ತು ಲಭ್ಯವಿರುವ ನೆರವು

1. ಪೀಠಿಕೆ

ಲೈಂಗಿಕ ಅಪರಾಧಗಳಿಂದ ಮಕ್ಕಳ ಸಂರಕ್ಷಣಾ ಕಾಯ್ದೆ, 2012 (ಪೋಕ್ಸೊ) ದಿನಾಂಕ 14.11.2012 ರಿಂದ ಜಾರಿಯಲ್ಲಿರುತ್ತದೆ. 18 ವರ್ಷ ತುಂಬದ ಬಾಲಕ ಹಾಗೂ ಬಾಲಕಿಯರೆಲ್ಲರೂ ಸದರಿ ಕಾಯ್ದೆಯ ವ್ಯಾಪ್ತಿಗೆ ಒಳಪಡುತ್ತಾರೆ. ಕಾಯ್ದೆಯ ಹಲವು ಕಲಂಗಳಲ್ಲಿ ಗರಿಷ್ಠ ಶಿಕ್ಷೆಯೊಂದಿಗೆ ಕನಿಷ್ಠ ಶಿಕ್ಷೆಯನ್ನೂ ನಿಗದಿಪಡಿಸಲಾಗಿದೆ. ಅಪರಾಧ ರುಜುವಾತಾದಲ್ಲಿ ಅದಕ್ಕಿಂತ ಕಡಿಮೆ ಶಿಕ್ಷೆ ವಿಧಿಸಲು ವಿಶೇಷ ನ್ಯಾಯಾಲಯಕ್ಕೆ ಅವಕಾಶವಿರುವುದಿಲ್ಲ. ಈ ವ್ಯವಸ್ಥೆಯ ಕುರಿತ ಚರ್ಚೆಯನ್ನೂ, ಶಿಕ್ಷೆಯ ಪ್ರಮಾಣವನ್ನು ಅವಲಂಬಿಸದೆ ಮಗುವಿಗೆ ದೊರೆಯುವ ನೆರವನ್ನೂ ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

2. ಪ್ರಮುಖ ಕನಿಷ್ಠ ಶಿಕ್ಷೆಗಳು

ದಿನಾಂಕ 16.08.2019 ರಂದು ಜಾರಿಗೆ ಬಂದ ತಿದ್ದುಪಡಿಯ ನಂತರದ ವಿವರ:

- ಕಲಂ 4, ಒಳಪ್ರವೇಶದ ಲೈಂಗಿಕ ಹಲ್ಲೆ: 10 ವರ್ಷ (ಹಿಂದೆ 7 ವರ್ಷ). ಮಗುವಿಗೆ 16 ವರ್ಷ ತುಂಬಿರದಿದ್ದಲ್ಲಿ 20 ವರ್ಷ.
- ಕಲಂ 6, ಇದೇ ಅಪರಾಧದ ಗುರುತರ ಸ್ವರೂಪ: 20 ವರ್ಷ (ಹಿಂದೆ 10 ವರ್ಷ). ಮರಣದಂಡನೆಗೂ ಅವಕಾಶವಿದೆ.
- ಕಲಂ 8, ಲೈಂಗಿಕ ಹಲ್ಲೆ: 3 ವರ್ಷ.
- ಕಲಂ 10, ಗುರುತರ ಲೈಂಗಿಕ ಹಲ್ಲೆ: 5 ವರ್ಷ.

ಅಪರಾಧ ನಡೆದ ದಿನದಂದು ಜಾರಿಯಲ್ಲಿದ್ದ ಶಿಕ್ಷೆಯೇ ಪ್ರಕರಣಕ್ಕೆ ಅನ್ವಯಿಸುತ್ತದೆ. ಹೆಚ್ಚಿಸಿದ ಶಿಕ್ಷೆಯನ್ನು ಹಿಂದಿನ ಘಟನೆಗಳಿಗೆ ಅನ್ವಯಿಸುವಂತಿಲ್ಲ.

3. ಹಿನ್ನೆಲೆ

ಭಾರತೀಯ ದಂಡ ಸಂಹಿತೆಗೆ 1983 ರಲ್ಲಿ ತಂದ ತಿದ್ದುಪಡಿಯು ಅತ್ಯಾಚಾರಕ್ಕೆ ಕನಿಷ್ಠ ಶಿಕ್ಷೆಯನ್ನು ಗೊತ್ತುಪಡಿಸಿತು. ಆದರೆ ವಿಶೇಷ ಕಾರಣಗಳನ್ನು ತೀರ್ಪಿನಲ್ಲಿ ದಾಖಲಿಸಿ ಅದಕ್ಕಿಂತ ಕಡಿಮೆ ಶಿಕ್ಷೆ ವಿಧಿಸಲು ನ್ಯಾಯಾಧೀಶರಿಗೆ ಅವಕಾಶವಿತ್ತು. ಈ ವಿನಾಯಿತಿಯನ್ನು 2013 ರ ತಿದ್ದುಪಡಿಯಲ್ಲಿ ತೆಗೆದುಹಾಕಲಾಯಿತು. ಪೋಕ್ಸೊ ಕಾಯ್ದೆಯಲ್ಲಿ ಇಂತಹ ವಿನಾಯಿತಿಯನ್ನು ಮೊದಲಿನಿಂದಲೂ ಕಲ್ಪಿಸಿರಲಿಲ್ಲ.

4. ಕನಿಷ್ಠ ಶಿಕ್ಷೆಯ ಪರವಾದ ವಾದ

ಒಂದೇ ಬಗೆಯ ಅಪರಾಧಕ್ಕೆ ಬೇರೆ ಬೇರೆ ನ್ಯಾಯಾಲಯಗಳಲ್ಲಿ ಬೇರೆ ಬೇರೆ ಶಿಕ್ಷೆಯಾಗುವುದು ಇದರಿಂದ ತಪ್ಪುತ್ತದೆ. ಆರೋಪಿಯ ವಯಸ್ಸು, ಕುಟುಂಬದ ಸ್ಥಿತಿ, ರಾಜಿ ಅಥವಾ ಕಾಲಹರಣದ ಕಾರಣದಿಂದ ಮಗುವಿಗಾದ ಹಾನಿಯನ್ನು ಲಘುವಾಗಿ ಕಾಣಲು ಆಸ್ಪದವಿರುವುದಿಲ್ಲ. ಕಲಂ 6 ರ ಪ್ರಕರಣವೊಂದರಲ್ಲಿ ಉಚ್ಚ ನ್ಯಾಯಾಲಯವು 7 ವರ್ಷಕ್ಕೆ ಇಳಿಸಿದ್ದ ಶಿಕ್ಷೆಯನ್ನು ಸರ್ವೋಚ್ಚ ನ್ಯಾಯಾಲಯವು 2023 ರ ಜುಲೈನಲ್ಲಿ ಮತ್ತೆ 10 ವರ್ಷಕ್ಕೆ ಏರಿಸಿತು. ಕಾನೂನು ಕನಿಷ್ಠ ಶಿಕ್ಷೆಯನ್ನು ನಿಗದಿಪಡಿಸಿರುವಾಗ ನ್ಯಾಯಾಲಯವು ಅದನ್ನು ಮೀರಿ ರಿಯಾಯಿತಿ ನೀಡುವಂತಿಲ್ಲ ಎಂದು ತಿಳಿಸಿತು.

5. ವಿರುದ್ಧವಾದ ವಾದ

ಶಿಕ್ಷೆಯು ಅತಿ ಕಠಿಣವಾದಷ್ಟೂ ನ್ಯಾಯಾಲಯಗಳು ಹೆಚ್ಚಿನ ಸಾಕ್ಷ್ಯವನ್ನು ಅಪೇಕ್ಷಿಸಿ, ಆರೋಪಿಯನ್ನು ಬಿಡುಗಡೆ ಮಾಡುವ ಅಥವಾ ಲಘು ಕಲಂಗೆ ಇಳಿಸುವ ಸಂಭವವಿದೆ. ಬಟ್ಟೆಯ ಮೇಲಿನ ಸ್ಪರ್ಶವು ಕಲಂ 8 ರ ಅಪರಾಧವಲ್ಲ ಎಂದು ಬಾಂಬೆ ಉಚ್ಚ ನ್ಯಾಯಾಲಯದ ನಾಗಪುರ ಪೀಠವು 2021 ರ ಜನವರಿಯಲ್ಲಿ ತೀರ್ಪು ನೀಡಿದಾಗ, ಶಿಕ್ಷೆಯ ಕಠಿಣತೆಯನ್ನೂ ಒಂದು ಕಾರಣವಾಗಿ ಉಲ್ಲೇಖಿಸಿತ್ತು. ಸದರಿ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯವು ದಿನಾಂಕ 18.11.2021 ರಂದು ರದ್ದುಪಡಿಸಿತು. ಇದಲ್ಲದೆ, ಆರೋಪಿಯು ಮನೆಯವನೇ ಆಗಿದ್ದಲ್ಲಿ, ದೀರ್ಘ ಸೆರೆವಾಸದ ಭಯದಿಂದ ಕುಟುಂಬವು ದೂರು ನೀಡಲು ಹಿಂಜರಿಯಬಹುದು ಎಂಬ ಆತಂಕವೂ ಇದೆ.

6. ಹದಿಹರೆಯದವರ ಪ್ರಕರಣಗಳು

16 ರಿಂದ 18 ವರ್ಷದವರು ಪರಸ್ಪರ ಒಪ್ಪಿಗೆಯಿಂದ ಹೊಂದಿದ ಸಂಬಂಧವೂ ಕಾಯ್ದೆಯನ್ವಯ ಅಪರಾಧವಾಗುತ್ತದೆ. ಕರ್ನಾಟಕ ಉಚ್ಚ ನ್ಯಾಯಾಲಯದ ಧಾರವಾಡ ಪೀಠವು 2022 ರ ನವೆಂಬರ್‌ನಲ್ಲಿ ಈ ವಿಷಯವನ್ನು ಕಾನೂನು ಆಯೋಗದ ಗಮನಕ್ಕೆ ತಂದಿತು. ಆಯೋಗವು 2023 ರ ತನ್ನ 283 ನೇ ವರದಿಯಲ್ಲಿ, ಸಮ್ಮತಿಯ ವಯಸ್ಸನ್ನು 18 ರಿಂದ ಇಳಿಸಬಾರದು, ಆದರೆ ಇಂತಹ ಪ್ರಕರಣಗಳಲ್ಲಿ ಶಿಕ್ಷೆಯ ಪ್ರಮಾಣವನ್ನು ನಿರ್ಧರಿಸಲು ನ್ಯಾಯಾಲಯಕ್ಕೆ ಮಾರ್ಗದರ್ಶಿತ ವಿವೇಚನಾಧಿಕಾರವಿರಬೇಕು ಎಂದು ಶಿಫಾರಸು ಮಾಡಿತು. ಸರ್ವೋಚ್ಚ ನ್ಯಾಯಾಲಯವು ದಿನಾಂಕ 23.05.2025 ರಂದು ಪೋಕ್ಸೊ ಪ್ರಕರಣವೊಂದರಲ್ಲಿ ಸಂವಿಧಾನದ 142 ನೇ ಅನುಚ್ಛೇದದ ಅಧಿಕಾರವನ್ನು ಬಳಸಿ ಅಪರಾಧಿಗೆ ಶಿಕ್ಷೆ ವಿಧಿಸಲಿಲ್ಲ. ಈ ಅಧಿಕಾರವು ವಿಶೇಷ ನ್ಯಾಯಾಲಯಗಳಿಗೆ ಇರುವುದಿಲ್ಲ.

ಆರೋಪಿಯೇ 18 ವರ್ಷದೊಳಗಿನವನಾಗಿದ್ದಲ್ಲಿ ಪ್ರಕರಣವು ಬಾಲ ನ್ಯಾಯ ಕಾಯ್ದೆ, 2015 ರಂತೆ ನಡೆಯುತ್ತದೆ. ಆದರೆ ಕನಿಷ್ಠ ಶಿಕ್ಷೆ 7 ವರ್ಷ ಅಥವಾ ಹೆಚ್ಚಿರುವ ಅಪರಾಧವನ್ನು ಸದರಿ ಕಾಯ್ದೆಯು ಘೋರ ಅಪರಾಧವೆಂದು ಪರಿಗಣಿಸುತ್ತದೆ. ಆರೋಪಿಗೆ 16 ವರ್ಷ ತುಂಬಿದ್ದಲ್ಲಿ, ಬಾಲ ನ್ಯಾಯ ಮಂಡಳಿಯು ಪ್ರಾಥಮಿಕ ಮೌಲ್ಯಮಾಪನದ ನಂತರ ಅವನನ್ನು ವಯಸ್ಕನಂತೆ ವಿಚಾರಣೆಗೆ ಒಳಪಡಿಸಲು ಪ್ರಕರಣವನ್ನು ಮಕ್ಕಳ ನ್ಯಾಯಾಲಯಕ್ಕೆ ವರ್ಗಾಯಿಸಬಹುದಾಗಿದೆ.

7. ಮಗುವಿಗೆ ಲಭ್ಯವಿರುವ ನೆರವು

ಶಿಕ್ಷೆಯ ಪ್ರಮಾಣದ ಚರ್ಚೆ ಏನೇ ಇರಲಿ, ಕೆಳಕಂಡ ನೆರವಿಗಾಗಿ ಪೋಷಕರು ತೀರ್ಪಿನವರೆಗೆ ಕಾಯಬೇಕಾಗಿಲ್ಲ:

- ಮಧ್ಯಂತರ ಪರಿಹಾರ: ಪ್ರಥಮ ವರ್ತಮಾನ ವರದಿ ದಾಖಲಾದ ನಂತರ ಮಗುವಿನ ಪರವಾಗಿ ವಿಶೇಷ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬಹುದು. ಆದೇಶ ತಲುಪಿದ 30 ದಿನಗಳೊಳಗೆ ರಾಜ್ಯ ಸರ್ಕಾರವು ಮೊತ್ತವನ್ನು ಪಾವತಿಸತಕ್ಕದ್ದು.
- ಅಂತಿಮ ಪರಿಹಾರ: ಆರೋಪಿಯು ಬಿಡುಗಡೆಯಾಗಿದ್ದರೂ, ಪತ್ತೆಯಾಗದಿದ್ದರೂ, ಮಗುವಿಗೆ ಹಾನಿಯಾಗಿದೆಯೆಂದು ಕಂಡುಬಂದಲ್ಲಿ ನ್ಯಾಯಾಲಯವು ಪರಿಹಾರಕ್ಕೆ ಶಿಫಾರಸು ಮಾಡಬಹುದು.
- ತುರ್ತು ನೆರವು: ಆಹಾರ, ಬಟ್ಟೆ, ಪ್ರಯಾಣ ಮುಂತಾದ ಅಗತ್ಯಗಳಿಗಾಗಿ ಮಕ್ಕಳ ಕಲ್ಯಾಣ ಸಮಿತಿಯು ಹಣ ಪಾವತಿಗೆ ಶಿಫಾರಸು ಮಾಡಬಹುದು.
- ವಕೀಲರ ನೆರವು: ಶುಲ್ಕ ಭರಿಸಲಾಗದ ಕುಟುಂಬಗಳಿಗೆ ಕಾನೂನು ಸೇವಾ ಪ್ರಾಧಿಕಾರವು ವಕೀಲರನ್ನು ಒದಗಿಸುತ್ತದೆ.

8. ಗಮನಿಸಬೇಕಾದ ಅಂಶಗಳು

ಅಪರಾಧದ ಮಾಹಿತಿಯಿದ್ದವರು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮಗುವಿನ ಹೆಸರು, ವಿಳಾಸ, ಶಾಲೆ, ಭಾವಚಿತ್ರ ಇತ್ಯಾದಿ ಗುರುತಿನ ವಿವರಗಳನ್ನು ಮಾಧ್ಯಮಗಳಲ್ಲಿ ಪ್ರಕಟಿಸುವುದು ಶಿಕ್ಷಾರ್ಹ. ನೆರವಿಗಾಗಿ ಮಕ್ಕಳ ಸಹಾಯವಾಣಿ 1098 ಅನ್ನು ಅಥವಾ ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು ಸಂಪರ್ಕಿಸಬಹುದಾಗಿದೆ.