ಪಕ್ಷಪಾತದ ಕಿವಿ ಮತ್ತು ತಡವಾದ ಮನ್ನಣೆ: ಮಲ್ಲಿಕಾರ್ಜುನ ಮನ್ಸೂರರನ್ನು ನಾವು ಕೇಳಿಸಿಕೊಂಡ ಬಗೆ

ಮಲ್ಲಿಕಾರ್ಜುನ ಮನ್ಸೂರರ (1910–1992) ಬಗ್ಗೆ ಬರೆಯುವವರು ಹೆಚ್ಚುಕಡಿಮೆ ಒಂದೇ ಕಥೆ ಹೇಳುತ್ತ ಬಂದಿದ್ದಾರೆ. ಧಾರವಾಡದ ಮಗ್ಗುಲ ಹಳ್ಳಿಯಲ್ಲಿ ಹುಟ್ಟಿದ ಗವಾಯಿ ದಶಕಗಟ್ಟಲೆ ತಮ್ಮ ಪಾಡಿಗೆ ತಾವು ಹಾಡಿಕೊಂಡಿದ್ದರು, ಅವರಿಗೆ ಅರವತ್ತು ದಾಟಿದ ಮೇಲೆ ದೇಶ ಎಚ್ಚೆತ್ತಿತು ಎಂಬುದು ಆ ಕಥೆ. ಅದರಲ್ಲಿ ಸತ್ಯವಿದೆ. ಆದರೆ ಯಾವುದು ತಡವಾಯಿತು, ಆ ತಡ ನಮ್ಮ ಕಿವಿಯನ್ನು ಏನು ಮಾಡಿತು ಎಂದು ಯಾರೂ ವಿಚಾರಿಸಿದಂತಿಲ್ಲ. ಮನ್ನಣೆ ತಡವಾಗಿ ಬಂದದ್ದರಿಂದಲೇ ಅವರ ಇಳಿವಯಸ್ಸಿನ ಗಾಯನವನ್ನು ನಾವು ಅವರ ಇಡೀ ಗಾಯನವೆಂದು ಒಪ್ಪಿಕೊಂಡೆವು ಎಂಬುದು ಈ ಲೇಖನದ ವಾದ.

ಮೊದಲು ಪ್ರಶಸ್ತಿಗಳ ಇಸವಿಗಳನ್ನು ನೋಡೋಣ. ಮನ್ಸೂರರಿಗೆ 1970ರಲ್ಲಿ ಪದ್ಮಶ್ರೀ, 1971ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 1976ರಲ್ಲಿ ಪದ್ಮಭೂಷಣ ಬಂದವು. ಪದ್ಮವಿಭೂಷಣ ಬಂದದ್ದು ತೀರಿಕೊಂಡ ವರ್ಷವೇ, 1992ರಲ್ಲಿ. ಅವರದೇ ಜೈಪುರ-ಅತ್ರೌಲಿ ಘರಾಣೆಯ ಕೇಸರಬಾಯಿ ಕೇರಕರ್ ಹುಟ್ಟಿದ್ದು 1892ರಲ್ಲಿ, ಅಕಾಡೆಮಿ ಪ್ರಶಸ್ತಿ ಪಡೆದದ್ದು 1953ರಲ್ಲಿ. 1913ರಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ ಅವರಿಗೆ ಅದು ಸಂದದ್ದು 1973ರಲ್ಲಿ. ಮೂವರಿಗೂ ಆಗ ಅರವತ್ತರ ಆಸುಪಾಸು. ಭೀಮಸೇನ ಜೋಶಿಯವರು (ಜನನ 1922) 1975ರಲ್ಲಿ, ಐವತ್ತಮೂರರಲ್ಲೇ ಅದನ್ನು ಪಡೆದರು ಎಂಬುದನ್ನು ಬಿಟ್ಟರೆ ಮನ್ಸೂರರಿಗೆ ಮಾತ್ರ ಅನ್ಯಾಯವಾಯಿತೆನ್ನಲು ಈ ಇಸವಿಗಳು ಸಾಕ್ಷಿ ನುಡಿಯುವುದಿಲ್ಲ. ಕೇಸರಬಾಯಿಯವರಂತೂ ಅಕಾಡೆಮಿ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಮುಂಬಯಿಯ ಶ್ರೀಮಂತರ ಬೈಠಕ್ಕುಗಳಲ್ಲಿ ರಾಣಿಯಂತೆ ಮೆರೆದವರು. ಸರಕಾರದ ಮನ್ನಣೆ ಒಂದು, ಕೇಳುಗರ ಮನ್ನಣೆ ಇನ್ನೊಂದು. ಮನ್ಸೂರರ ವಿಷಯದಲ್ಲಿ ತಡವಾದದ್ದು ಎರಡನೆಯದು, ಅದರಲ್ಲೂ ಧ್ವನಿಮುದ್ರಣದ ಮೂಲಕ ದೂರದೂರಿಗೆ ತಲುಪುವ ಮನ್ನಣೆ.

ಹಾಗೆಂದು ಅವರು ಅಜ್ಞಾತರಾಗಿಯೇ ಉಳಿದಿದ್ದರು ಎನ್ನುವುದೂ ಸರಿಯಲ್ಲ. 1930ರ ದಶಕದಲ್ಲೇ ಎಚ್‌ಎಂವಿ ಅವರ ಗ್ರಾಮಫೋನ್ ಪ್ಲೇಟುಗಳನ್ನು ತಂದಿತ್ತು. ಆಗ ಅವರು ಮಿರಜದ ನೀಲಕಂಠಬುವಾ ಅವರ ಕೈಯಲ್ಲಿ ಗ್ವಾಲಿಯರ್ ಪದ್ಧತಿಯಲ್ಲಿ ಪಳಗಿದ್ದ ಗಾಯಕ. ಹೆಸರು ಬರತೊಡಗಿದ್ದ ಆ ಹೊತ್ತಿನಲ್ಲೇ, ಇಪ್ಪತ್ತೈದರ ಆಸುಪಾಸಿನಲ್ಲಿ, ಜೈಪುರ-ಅತ್ರೌಲಿ ಘರಾಣೆಯ ಅಲ್ಲಾದಿಯಾ ಖಾನರ ಮಗ ಮಂಜೀಖಾನರ ಮುಂದೆ ಮತ್ತೆ ಶಿಷ್ಯನಾಗಿ ಕುಳಿತರು. 1937ರಲ್ಲಿ ಮಂಜೀಖಾನರು ತೀರಿಕೊಂಡರು. ತಾಲೀಮು ಅವರ ತಮ್ಮ ಬುರ್ಜೀಖಾನರ ಬಳಿ ಮುಂದುವರಿಯಿತು. ಹೆಸರು ಮಾಡುವ ವಯಸ್ಸಿನಲ್ಲಿ ಮನ್ಸೂರರು ಕಲಿಯುತ್ತಿದ್ದರು. ಅವರ ತಡದ ಒಂದು ಪಾಲು ಹೀಗೆ ಅವರೇ ಆರಿಸಿಕೊಂಡದ್ದು. ನನ್ನ ಮಟ್ಟಿಗೆ ಅವರ ಬದುಕಿನ ಅತಿ ದೊಡ್ಡ ನಿರ್ಧಾರವೂ ಅದೇ.

ಅವರು ಆರಿಸಿಕೊಂಡ ಘರಾಣೆಯೋ, ಕೇಳುಗನಿಂದ ಪೂರ್ವಸಿದ್ಧತೆ ಬೇಡುವಂಥದು. ಅನವಟ್ (ಅಪರೂಪದ) ರಾಗಗಳು, ಜೋಡುರಾಗಗಳು ಅದರ ಆಸ್ತಿ. ಬಸಂತಿ ಕೇದಾರವನ್ನೇ ತೆಗೆದುಕೊಳ್ಳಿ. ಬಸಂತದಲ್ಲಿ ಕೋಮಲ ರಿಷಭ, ಕೋಮಲ ಧೈವತ. ಕೇದಾರದಲ್ಲಿ ಅವೆರಡೂ ಶುದ್ಧ. ಎರಡು ರಾಗಗಳಿಗೂ ಸಮಾನವಾದದ್ದು ಎರಡು ಮಧ್ಯಮಗಳ ಬಳಕೆ. ಗಾಯಕ ತಾರಷಡ್ಜದಿಂದ ಬಸಂತದ ದಾರಿ ಹಿಡಿದು ಇಳಿಯುತ್ತಾನೆ, ಮಧ್ಯಮದ ಹತ್ತಿರ ಬರುವಷ್ಟರಲ್ಲಿ ಕೇದಾರದ ಅಂಗಳದಲ್ಲಿರುತ್ತಾನೆ. ಎಲ್ಲಿ ದಾಟಿದ ಎಂದು ಬೆರಳಿಟ್ಟು ತೋರಿಸಲಾಗದಂತೆ ದಾಟುವುದರಲ್ಲೇ ಕಲೆಯಿದೆ. ಬಸಂತವೂ ಕೇದಾರವೂ ಬೇರೆಬೇರೆಯಾಗಿ ಕಿವಿಯಲ್ಲಿ ಕುಳಿತಿಲ್ಲದವನಿಗೆ ಇಲ್ಲಿ ಒಂದು ವಿಚಿತ್ರ ಇಳಿಜಾರು ಮಾತ್ರ ಕೇಳಿಸೀತು. ಇದನ್ನು ಪ್ಲೇಟಿನ ಒಂದು ಮಗ್ಗುಲಿನ ಮೂರು ಚಿಲ್ಲರೆ ನಿಮಿಷಗಳಲ್ಲಿ ಅಡಗಿಸಿದರೆ ರಾಗದ ನೆರಳು ಸಿಕ್ಕೀತು, ದಾಟುವಿಕೆ ಮತ್ತೆ ಮತ್ತೆ ಹೊಸದಾಗಿ ನಡೆಯುವ ಸುಖ ಸಿಗುವುದಿಲ್ಲ.

ಇಂಥ ಸಂಗೀತ ಉಳಿಯುವುದು ಪಕ್ಷಪಾತಿ ಕೇಳುಗರಿಂದ. ಈ ಮಾತನ್ನು ನಾನು ಹೊಗಳಿಕೆಯಾಗಿಯೇ ಹೇಳುತ್ತಿದ್ದೇನೆ. ಮರಾಠಿ ವಿಮರ್ಶಕ ವಾಮನರಾವ್ ದೇಶಪಾಂಡೆಯವರು 1961ರ ‘ಘರಂದಾಜ್ ಗಾಯಕಿ’ ಗ್ರಂಥದಲ್ಲಿ ಘರಾಣೆಗಳನ್ನು ಸ್ವರ ಮತ್ತು ಲಯ ಎಂಬ ಎರಡು ತುದಿಗಳ ನಡುವೆ ಸಾಲಾಗಿ ನಿಲ್ಲಿಸಿದರು: ಕಿರಾಣಾ ಸ್ವರದ ತುದಿಗೆ, ಆಗ್ರಾ ಲಯದ ಕಡೆಗೆ, ಎರಡನ್ನೂ ಸಮತೂಗಿಸಿದ ಜೈಪುರ ನಟ್ಟನಡುವೆ. ದೇಶಪಾಂಡೆಯವರು ಸ್ವತಃ ಜೈಪುರದ ಮೋಗುಬಾಯಿ ಕುರ್ಡೀಕರ್ ಅವರ ಬಳಿ ಕಲಿತವರು. ತನ್ನ ಮನೆಯನ್ನು ಊರ ನಡುವೆ ಇಟ್ಟುಕೊಂಡೇ ನಕ್ಷೆ ಬರೆದರೆಂದು ಆಕ್ಷೇಪಿಸಬಹುದು. ಆದರೂ ಈ ಗಾಯನದಲ್ಲಿ ಸ್ವರವೂ ಲಯವೂ ಒಂದನ್ನೊಂದು ಹೇಗೆ ಹೊತ್ತು ನಡೆಯುತ್ತವೆಂದು ಅಷ್ಟು ನಿಖರವಾಗಿ ಕಾಣಲು ಆ ಪಕ್ಷಪಾತವೇ ಬೇಕಿತ್ತು. ಎಲ್ಲವನ್ನೂ ಸಮನಾಗಿ ಮೆಚ್ಚುವವನ ಕಿವಿಗೆ ಅದು ದಕ್ಕುತ್ತಿರಲಿಲ್ಲ. ಇಂಥ ಕೇಳುಗರ ಸಣ್ಣ ವಲಯವೇ ಸುದ್ದಿಯಿಲ್ಲದ ವರ್ಷಗಳಲ್ಲಿ ಮನ್ಸೂರರನ್ನು ಕಾಪಾಡಿತು. ಕಷ್ಟದ ರಾಗವೇ ದೊಡ್ಡ ರಾಗ, ನಾಲ್ಕು ಜನಕ್ಕೆ ತಿಳಿಯದ್ದೇ ಶ್ರೇಷ್ಠ ಎಂಬ ಬಿಗುಮಾನವನ್ನು ಬೆಳೆಸಿದ್ದೂ ಇಂಥ ವಲಯಗಳೇ. ಕಾಪಾಡಿದ ಕೈಯೇ ಬಾಗಿಲನ್ನೂ ಮುಚ್ಚಿತ್ತು.

ಬಾಗಿಲು ತೆರೆದದ್ದು ಲಾಂಗ್‌ಪ್ಲೇ ತಟ್ಟೆ, ಆಕಾಶವಾಣಿಯ ದೀರ್ಘ ಪ್ರಸಾರ, ಟೇಪು, ಕ್ಯಾಸೆಟ್ಟುಗಳಿಂದ. ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷ ಸಿಕ್ಕಾಗ ಜೋಡುರಾಗಕ್ಕೆ ಉಸಿರಾಡಲು ಜಾಗ ಸಿಕ್ಕಿತು. ಆದರೆ ಈ ಸಾಧನಗಳು ಮನೆಮನೆಗೆ ಬರುವಷ್ಟರಲ್ಲಿ ಮನ್ಸೂರರು ಅರವತ್ತು ದಾಟಿದ್ದರು. ಇಂದು ನಮ್ಮ ಕೈಗೆ ಸುಲಭವಾಗಿ ಸಿಗುವ ಅವರ ದೀರ್ಘ ಮುದ್ರಣಗಳಲ್ಲಿ ಬಹುಪಾಲು ಅರವತ್ತು, ಎಪ್ಪತ್ತರ ವಯಸ್ಸಿನವು. ತುಸು ಒಡೆದ ಕಂಠ, ಚಿಕ್ಕಚಿಕ್ಕ ತುಣುಕುಗಳಾಗಿ ಬರುವ ಸ್ವರವಾಕ್ಯಗಳು, ಅವುಗಳ ನಡುವೆ ಇದ್ದಕ್ಕಿದ್ದಂತೆ ಹರಿದು ಸಮ್‌ಗೆ, ತಾಳದ ಮೊದಲ ಪೆಟ್ಟಿಗೆ, ಬಂದು ಬೀಳುವ ತಾನ. ಇವನ್ನು ಕೇಳಿ ನಾವು ‘ವಿರಕ್ತ ಗಾಯನ’ ಎಂದೆವು. ಅವರು ವಚನಗಳನ್ನು ಹಾಡುತ್ತಿದ್ದುದು, ಮುರುಘಾಮಠದ ಮೃತ್ಯುಂಜಯ ಸ್ವಾಮಿಗಳಲ್ಲಿ ಅವರಿಗಿದ್ದ ಭಕ್ತಿ, ಮನೆಗೆ ಆ ಸ್ವಾಮಿಗಳ ಹೆಸರನ್ನೇ ಇಟ್ಟದ್ದು, ಎಲ್ಲವೂ ಸೇರಿ ಆ ಚಿತ್ರ ಗಟ್ಟಿಯಾಯಿತು.

1930ರ ದಶಕದ ಪ್ಲೇಟುಗಳನ್ನು ಕೇಳಿದವರಿಗೆ ಈ ಚಿತ್ರ ಸಾಲದು. ಅಲ್ಲಿರುವುದು ಏರುದನಿಯ, ಚುರುಕಿನ ಕಂಠ. ತಾನಗಳಲ್ಲಿ ಯೌವನದ ಸೊಕ್ಕಿದೆ, ಮೆರೆಯುವ ಆಸೆಯಿದೆ. ಹಾಗಾದರೆ ಮುಪ್ಪಿನ ಗಾಯನದಲ್ಲಿ ಘರಾಣೆಯದೆಷ್ಟು, ವಯಸ್ಸಿನದೆಷ್ಟು, ಮನ್ಸೂರರ ಸ್ವಂತದ್ದೆಷ್ಟು? ಕೇಸರಬಾಯಿ, ಮೋಗುಬಾಯಿಯರ ಮುದ್ರಣಗಳನ್ನು ಪಕ್ಕದಲ್ಲಿಟ್ಟರೆ ಒಂದಿಷ್ಟು ಬೇರ್ಪಡುತ್ತದೆ. ಪೀಠಿಕೆಯ ಆಲಾಪವನ್ನು ಬೆಳೆಸದೆ ಬೇಗನೆ ಚೀಜಿಗೆ (ಬಂದಿಶಿಗೆ) ಇಳಿಯುವುದು, ವಿಸ್ತಾರವನ್ನೆಲ್ಲ ತಬಲಾದ ಠೇಕೆಯ ಒಳಗೇ ನಡೆಸುವುದು, ಅತಿವಿಲಂಬಿತವನ್ನು ಒಲ್ಲದಿರುವುದು ಘರಾಣೆಯ ಶಿಸ್ತು. ಕೇಸರಬಾಯಿಯವರ ಉಸಿರು ಮಾತ್ರ ಉದ್ದ, ಹೊಳೆ ಹರಿದಂತೆ. ಆದ್ದರಿಂದ ತುಂಡರಿಸಿದ ವಾಕ್ಯ ಘರಾಣೆಯ ಕಟ್ಟಳೆಯಲ್ಲ. ಅದು ಮನ್ಸೂರರದು. ಕುಗ್ಗುತ್ತಿದ್ದ ಉಸಿರನ್ನೇ ಲಯದ ಆಟಕ್ಕೆ ಬಳಸಿಕೊಂಡ ಅವರ ಜಾಣ್ಮೆ ಅದು ಎಂದು ನನ್ನ ಅಂದಾಜು. ಇದನ್ನು ಖಚಿತಪಡಿಸಲು ಅವರ ನಲವತ್ತು, ಐವತ್ತರ ವಯಸ್ಸಿನ ದೀರ್ಘ ಗಾಯನಗಳು ಬೇಕು. ನಮ್ಮ ಕಿವಿಗೆ ಅತಿ ಕಡಿಮೆ ಬಿದ್ದಿರುವುದು ಆ ಕಾಲದ್ದೇ.

ಕರ್ನಾಟಕ ಸಂಗೀತದ ಎಂ.ಡಿ. ರಾಮನಾಥನ್ (1923–1984) ಅವರ ವಿಷಯ ಇದಕ್ಕೆ ತದ್ವಿರುದ್ಧ. ಟೈಗರ್ ವರದಾಚಾರಿಯರ ಶಿಷ್ಯ, ಕಲಾಕ್ಷೇತ್ರದ ಅಧ್ಯಾಪಕ. ಹಿರಿಯ ಗಾಯಕ ಅರಿಯಕುಡಿಯವರ ಮಧ್ಯಮಕಾಲದ ಕಚೇರಿಗೆ ಒಗ್ಗಿದ್ದ ಮದರಾಸಿನ ಸಭೆಗಳಿಗೆ ಅವರ ತಗ್ಗುಶ್ರುತಿ, ನಿಧಾನದ ನಡೆ ಸುಲಭಕ್ಕೆ ಜೀರ್ಣವಾಗಲಿಲ್ಲ. ಮೆಚ್ಚಿದವರು ಆರಾಧಿಸಿದರು, ಒಲ್ಲದವರು ಎದ್ದು ನಡೆದರು. 1974ರಲ್ಲಿ ಪದ್ಮಶ್ರೀ ಬಂದರೂ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಕೊನೆಗೂ ಬರಲಿಲ್ಲ. ಅವರ ಹೆಸರು ಬೆಳೆದದ್ದು ಹೆಚ್ಚಾಗಿ ಸತ್ತ ನಂತರ, ಕೈಯಿಂದ ಕೈಗೆ ದಾಟಿದ ಕಚೇರಿ ಟೇಪುಗಳಿಂದ. ಆದರೆ ಅವು ಅವರ ನಡುವಯಸ್ಸಿನ ಟೇಪುಗಳು. ಹಾಗಾಗಿ ಮನ್ನಣೆ ಮನ್ಸೂರರಿಗಿಂತ ತಡವಾದರೂ ನಮಗೆ ಸಿಕ್ಕ ರಾಮನಾಥನ್ ಪೂರ್ಣಶಕ್ತಿಯ ರಾಮನಾಥನ್. ಅವರ ಸಾವಧಾನವನ್ನು ಯಾರೂ ಮುಪ್ಪಿನ ಲೆಕ್ಕಕ್ಕೆ ಬರೆಯಲಾರರು.

ಮನ್ಸೂರರ ವಿಷಯದಲ್ಲಿ ಈ ಗೊಂದಲದ ಪರಿಣಾಮ ಇಂದಿನ ಅಭ್ಯಾಸದಲ್ಲಿ ಕಾಣುತ್ತದೆ. ಮುದ್ರಣ ಕೇಳಿ ಅವರ ಶೈಲಿ ಹಿಡಿಯಹೊರಟ ಕೆಲವು ಎಳೆಯ ಗಾಯಕರು, ಒಂದೇ ಉಸಿರಿನಲ್ಲಿ ಎರಡು ಆವರ್ತನ ಹಾಡಬಲ್ಲವರು, ವಾಕ್ಯವನ್ನು ಅರ್ಧಕ್ಕೆ ಕತ್ತರಿಸಿ ಕಂಠವನ್ನು ಒರಟು ಮಾಡಿಕೊಳ್ಳುತ್ತಾರೆ. ಅವರಿಗೆ ಮೊದಲು ಆ ಹಳೆಯ ಪ್ಲೇಟುಗಳನ್ನು ಕೇಳಿಸಬೇಕು, ಆಮೇಲೆ ಕೇಸರಬಾಯಿಯವರನ್ನು, ಕೊನೆಗೆ 1980ರ ದಶಕದ ಮನ್ಸೂರರನ್ನು.