ಸಿಗ್ನಲ್ ಕಂಬದ ಪೆಟ್ಟಿಗೆ ಮತ್ತು ಮಾರ್ದನಿಯ ಲೆಕ್ಕ

ಎರ್ನಾಕುಲಂನ ದೊಡ್ಡ ಜಂಕ್ಷನ್‌ಗಳಲ್ಲಿ ಹಸಿರು ದೀಪಕ್ಕೆ ಕಾಯುವಾಗ ಒಮ್ಮೆ ತಲೆಯೆತ್ತಿ ನೋಡಿ. ಕಂಬದ ಮೇಲಿನ ಕ್ಯಾಮೆರಾ ಯಾವುದೆಂದು ಎಲ್ಲರಿಗೂ ಗೊತ್ತು, ಅದಕ್ಕೆ ಗಾಜಿನ ಕಣ್ಣಿದೆ. ಆದರೆ ಕೆಲವು ಕಡೆ ಕಣ್ಣೇ ಇಲ್ಲದ ಒಂದು ಪೆಟ್ಟಿಗೆಯೂ ಇರುತ್ತದೆ. ಅದು ನೋಡುವುದಿಲ್ಲ, ಕೂಗುತ್ತದೆ. ನಮಗೆ ಕೇಳಿಸದ ಕೂಗು ಅದು. ನಮ್ಮ ಕಾರು, ಬಸ್ಸು, ಆಟೋಗಳಿಗೆ ಬಡಿದು ವಾಪಸು ಬರುವ ಮಾರ್ದನಿಯನ್ನು ಹಿಡಿದು, ಎಷ್ಟು ಗಾಡಿ ಬಂತು, ಎಷ್ಟು ದೂರದಲ್ಲಿದೆ, ಎಷ್ಟು ವೇಗದಲ್ಲಿದೆ ಎಂದು ಲೆಕ್ಕ ಹಾಕುತ್ತದೆ. ಅದೇ ರೇಡಾರ್.

ಯುದ್ಧವಿಮಾನ ಹುಡುಕಲು ಹುಟ್ಟಿದ ಯಂತ್ರ ನಮ್ಮ ಸಿಗ್ನಲ್ ಕಂಬ ಹತ್ತಿದ್ದು ಹೇಗೆ? ನಾನು ಬಿ.ಕಾಂ. ಓದಿ ಬ್ಯಾಂಕು ಸೇರಿದವನು, ಭೌತಶಾಸ್ತ್ರಕ್ಕೂ ನನಗೂ ದೂರದ ನಂಟು. ಆದರೆ ಯಂತ್ರ ಕೊಟ್ಟ ಅಂಕಿ ನಮ್ಮ ಜೇಬಿನಿಂದ ದುಡ್ಡು ತೆಗೆಸುತ್ತದೆ ಎಂದಾದರೆ, ಆ ಅಂಕಿ ಹುಟ್ಟಿದ್ದು ಹೇಗೆ, ಅದನ್ನು ತಾಳೆ ನೋಡಿದವರು ಯಾರು ಎಂದು ಕೇಳುವುದು ನಮ್ಮ ಕಸುಬಿನ ಅಭ್ಯಾಸ. ಹಾಗಾಗಿ ಈ ಕಥೆ.

ರಸ್ತೆಯ ಗಾಡಿಗಳನ್ನು ಯಂತ್ರಕ್ಕೆ ತಿಳಿಸುವ ಪ್ರಯತ್ನ ಶುರುವಾದದ್ದೇ ತಮಾಷೆಯಾಗಿ. 1928ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಚಾರ್ಲ್ಸ್ ಆಡ್ಲರ್ ಎಂಬಾತ ಒಂದು ಸಿಗ್ನಲ್ ನಿಲ್ಲಿಸಿದ. ಅಡ್ಡರಸ್ತೆಯಿಂದ ಬಂದವರು ಹಾರ್ನ್ ಹೊಡೆಯಬೇಕು, ಕಂಬದ ಮೈಕು ಅದನ್ನು ಕೇಳಿಸಿಕೊಂಡು ದೀಪ ಬದಲಿಸುತ್ತಿತ್ತು! ನಮ್ಮ ಊರುಗಳಲ್ಲಿ ಇಂಥದ್ದು ಇಟ್ಟಿದ್ದರೆ ದೀಪಕ್ಕೆ ಒಂದು ಕ್ಷಣವೂ ಬಿಡುವಿರುತ್ತಿರಲಿಲ್ಲ. ಆಮೇಲೆ ರಸ್ತೆಯೊಳಗೆ ತಂತಿಯ ಸುರುಳಿ ಹೂಳುವ ಪದ್ಧತಿ ಬಂತು. ಮೇಲೆ ಲೋಹದ ಗಾಡಿ ನಿಂತರೆ ತಂತಿಗೆ ಗೊತ್ತಾಗುತ್ತದೆ. ಈಗಲೂ ಜಗತ್ತಿನ ಅನೇಕ ಊರುಗಳಲ್ಲಿ ಇದೇ ಇದೆ. ಆದರೆ ಇವತ್ತು ಟಾರು ಹಾಕಿ ನಾಳೆ ಪೈಪಿಗೆಂದು ಅಗೆಯುವ ಕಡೆ ಆ ತಂತಿ ಎಷ್ಟು ದಿನ ಬಾಳೀತು? ಕಂಬದ ಮೇಲೆ ಕೂತು, ಕತ್ತಲಲ್ಲೂ ಮಳೆಯಲ್ಲೂ ಕೆಲಸ ಮಾಡುವುದೇ ರೇಡಾರ್‌ನ ಹೆಚ್ಚುಗಾರಿಕೆ.

ಇದರ ಬೇರು ಹುಡುಕಿದರೆ 1842ಕ್ಕೆ ಹೋಗಬೇಕು. ಪ್ರಾಗ್ ನಗರದ ಮೇಷ್ಟ್ರು ಕ್ರಿಶ್ಚಿಯನ್ ಡಾಪ್ಲರ್ ಆ ವರ್ಷ ಒಂದು ಮಾತು ಹೇಳಿದ. ನಮ್ಮ ಕಡೆಗೆ ಬರುವ ವಸ್ತುವಿನ ತರಂಗಗಳು ಒತ್ತೊತ್ತಾಗುತ್ತವೆ, ದೂರ ಹೋಗುವುದರ ತರಂಗಗಳು ವಿರಳವಾಗುತ್ತವೆ. ಆಂಬುಲೆನ್ಸ್ ಹತ್ತಿರ ಬರುವಾಗ ಸೈರನ್ ಏರಿದಂತೆಯೂ ದಾಟಿ ಹೋದ ಮೇಲೆ ಇಳಿದಂತೆಯೂ ಕೇಳುವುದು ಇದರಿಂದಲೇ. ಹಾಲೆಂಡಿನ ಬಾಯಿಸ್ ಬಾಲೊಟ್ ಎಂಬ ವಿಜ್ಞಾನಿ 1845ರಲ್ಲಿ ರೈಲಿನ ಮೇಲೆ ತುತ್ತೂರಿ ಊದುವವರನ್ನು ಕೂರಿಸಿ, ಹಳಿಯ ಪಕ್ಕ ಸಂಗೀತಗಾರರನ್ನು ನಿಲ್ಲಿಸಿ ಇದನ್ನು ಪರೀಕ್ಷೆ ಮಾಡಿಯೇಬಿಟ್ಟ. ಶ್ರುತಿ ಏರಿದ್ದು, ಇಳಿದದ್ದು ಅವರ ಕಿವಿಗೆ ಸ್ಪಷ್ಟವಾಗಿ ಗೊತ್ತಾಯಿತು.

ಅದು ಶಬ್ದದ ಮಾತಾಯಿತು. ರೇಡಿಯೋ ತರಂಗಗಳ ಕಥೆಯಲ್ಲಿ ನಮ್ಮವರೊಬ್ಬರ ಹೆಸರೂ ಇದೆ. 1890ರ ದಶಕದಲ್ಲಿ ಕಲ್ಕತ್ತಾದಲ್ಲಿ ಜಗದೀಶ್ ಚಂದ್ರ ಬೋಸ್ ಕೆಲವೇ ಮಿಲಿಮೀಟರ್ ಉದ್ದದ ತರಂಗಗಳನ್ನು ಹುಟ್ಟಿಸಿ ಪ್ರಯೋಗ ಮಾಡಿದ್ದರು. ಈಗ ಕಾರುಗಳ ಮೂತಿಯಲ್ಲಿ ಕೂರಿಸುವ ರೇಡಾರ್‌ಗಳ ತರಂಗವೂ ಸುಮಾರು ನಾಲ್ಕು ಮಿಲಿಮೀಟರಿನದು. 1904ರಲ್ಲಿ ಜರ್ಮನಿಯ ಕಲೋನ್ ನಗರದ ಸೇತುವೆಯ ಬಳಿ ಕ್ರಿಶ್ಚಿಯನ್ ಹುಲ್ಸ್‌ಮೇಯರ್ ಎಂಬ ತರುಣ ರೈನ್ ನದಿಯ ಹಡಗುಗಳನ್ನು ರೇಡಿಯೋ ಮಾರ್ದನಿಯಿಂದ ಗುರುತಿಸಿ ತೋರಿಸಿದ. ಮಂಜಿನಲ್ಲಿ ಹಡಗುಗಳು ಡಿಕ್ಕಿಯಾಗುವುದನ್ನು ತಪ್ಪಿಸಬಹುದೆಂಬುದು ಅವನ ಆಸೆ. ಕೊಳ್ಳುವವರು ಸಿಗಲಿಲ್ಲ. ಮುಂದೆ 1935ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಡಾವೆಂಟ್ರಿಯಲ್ಲಿ ರಾಬರ್ಟ್ ವಾಟ್ಸನ್ ವಾಟ್ ಮತ್ತು ಆರ್ನಾಲ್ಡ್ ವಿಲ್ಕಿನ್ಸ್, ಬಿಬಿಸಿಯ ರೇಡಿಯೋ ಪ್ರಸಾರವನ್ನೇ ಬಳಸಿ ಹಾರುವ ವಿಮಾನದ ಮಾರ್ದನಿ ಹಿಡಿದರು. ಯುದ್ಧ ಹತ್ತಿರ ಬಂದಿತ್ತು, ಈ ಸಲ ಸರಕಾರ ಗಂಟು ಬಿಚ್ಚಿತು.

ಆಕಾಶದಿಂದ ರಸ್ತೆಗೆ ಇಳಿದದ್ದು ಮಾತ್ರ ಕಾಫಿ ಡಬ್ಬಿಯಿಂದ! ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಸಿಗ್ನಲ್ ದೀಪ ಮಾಡುವ ಕಂಪನಿಯೊಂದರ ಜಾನ್ ಬಾರ್ಕರ್ ಮತ್ತು ಬೆನ್ ಮಿಡ್ಲಾಕ್ ಅವರಿಗೆ, ವಿಮಾನಗಳು ನೆಲಕ್ಕೆ ಎಷ್ಟು ರಭಸದಿಂದ ಇಳಿಯುತ್ತವೆ ಎಂದು ಅಳೆಯುವ ಕೆಲಸ ಬಂತು. ಖಾಲಿ ಕಾಫಿ ಡಬ್ಬಿಗಳನ್ನು ಬೆಸುಗೆ ಹಾಕಿ ಅವರು ಡಾಪ್ಲರ್ ರೇಡಾರ್ ಕಟ್ಟಿದರು. ಯುದ್ಧ ಮುಗಿದ ಮೇಲೆ ಅದನ್ನೇ ಹೆದ್ದಾರಿಯ ಕಡೆ ತಿರುಗಿಸಿದರು. 1947ರಲ್ಲಿ ಗ್ಲಾಸ್ಟನ್‌ಬರಿ ಊರಿನಲ್ಲಿ ಪೊಲೀಸರು ಪರೀಕ್ಷೆ ಮಾಡಿದರು, 1949ರಿಂದ ದಂಡ ಹಾಕತೊಡಗಿದರು. ಇನ್ನೂ ಮಜಾ ಕೇಳಿ. 1950ರ ದಶಕದಲ್ಲಿ ಕೆನಡಾದಲ್ಲಿ ವೇಗವಾಗಿ ಕಾರು ಓಡಿಸಿದ್ದಕ್ಕೆ ಪೊಲೀಸ್ ರೇಡಾರ್‌ಗೆ ಸಿಕ್ಕಿಬಿದ್ದವರಲ್ಲಿ ಸ್ವತಃ ವಾಟ್ಸನ್ ವಾಟ್ ಸಾಹೇಬರೂ ಒಬ್ಬರು. ಆಮೇಲೆ ಅವರೇ ಅದರ ಮೇಲೊಂದು ಹಾಸ್ಯ ಪದ್ಯ ಬರೆದರು.

ಈಗ ಸ್ವಲ್ಪ ಲೆಕ್ಕ. ಪೊಲೀಸ್ ರೇಡಾರ್‌ಗಳು ಬಳಸುವ ತರಂಗಗಳಲ್ಲೊಂದು ಸೆಕೆಂಡಿಗೆ 2,412.5 ಕೋಟಿ ಸಲ ಕಂಪಿಸುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಎದುರು ಬರುವ ಕಾರಿಗೆ ಬಡಿದು ಅದು ಹಿಂತಿರುಗಿದಾಗ ಕಂಪನ ಸುಮಾರು 2,680ರಷ್ಟು ಹೆಚ್ಚಾಗಿರುತ್ತದೆ. ಅಂದರೆ ಎರಡು ಸಾವಿರದ ನಾನೂರು ಕೋಟಿಗೂ ಮೇಲ್ಪಟ್ಟ ಖಾತೆಯಲ್ಲಿ 2,680 ರೂಪಾಯಿಯ ವ್ಯತ್ಯಾಸ ಹಿಡಿದಂತೆ! ಟ್ಯಾಲಿಯಾಗದ ಹತ್ತು ರೂಪಾಯಿಗೆ ರಾತ್ರಿ ಒಂಬತ್ತರವರೆಗೆ ಕೂತವರಿಗೆ ಇದರ ಕಷ್ಟ ಗೊತ್ತು. ರೇಡಾರ್ ಮಾಡುವ ಉಪಾಯವೆಂದರೆ, ಹೋದ ತರಂಗವನ್ನೂ ಬಂದ ತರಂಗವನ್ನೂ ಬೆರೆಸಿ ವ್ಯತ್ಯಾಸವನ್ನಷ್ಟೇ ಉಳಿಸಿಕೊಳ್ಳುವುದು. ಆ 2,680 ನಮ್ಮ ಕಿವಿಗೆ ಕೇಳುವ ಸ್ವರದ ವ್ಯಾಪ್ತಿಯಲ್ಲೇ ಬರುತ್ತದೆ. ಅದಕ್ಕೇ ಪೊಲೀಸರು ಸಂಗೀತದವರ ಶ್ರುತಿಕವೆಯಂಥದ್ದನ್ನು ಮಿಡಿದು, ರೇಡಾರ್ ಮುಂದೆ ಹಿಡಿದು, ಅದು ಸರಿಯಾಗಿದೆಯೇ ಎಂದು ಪರೀಕ್ಷಿಸುವ ರೂಢಿ ಬಂದದ್ದು.

ಇನ್ನೊಂದು ಸೂಕ್ಷ್ಮವಿದೆ. ಕಾರು ನೇರ ಎದುರಿನಿಂದ ಬಂದರೆ ಮಾತ್ರ ಪೂರ್ತಿ ವೇಗ ಗೊತ್ತಾಗುತ್ತದೆ. ಪಕ್ಕದಿಂದ 20 ಡಿಗ್ರಿ ಕೋನದಲ್ಲಿ ನೋಡಿದರೆ 60 ಎಂಬುದು 56 ಎಂದು ಕಾಣುತ್ತದೆ. ಒಂದೇ ಕಡೆ ನಿಂತಿರುವ ರೇಡಾರ್‌ನಲ್ಲಿ ಈ ತಪ್ಪು ಯಾವಾಗಲೂ ಚಾಲಕನ ಪರವಾಗಿಯೇ ಇರುತ್ತದೆ. ಬರೀ ವೇಗ ಅಳೆಯುವ ರೇಡಾರ್‌ಗೆ ನಿಂತ ಗಾಡಿ ಕಾಣುವುದಿಲ್ಲ, ಏಕೆಂದರೆ ಕಂಪನದಲ್ಲಿ ವ್ಯತ್ಯಾಸವೇ ಇಲ್ಲ. ಸಿಗ್ನಲ್‌ನಲ್ಲಿ ನಿಂತ ಸಾಲನ್ನೂ ಎಣಿಸಬೇಕಾದರೆ ತರಂಗದ ಸ್ವರವನ್ನು ಸರಸರನೆ ಏರಿಸುತ್ತಾ ಕಳಿಸಬೇಕು. ಮಾರ್ದನಿ ಮರಳುವಷ್ಟರಲ್ಲಿ ಸ್ವರ ಎಷ್ಟು ಏರಿತು ಎಂಬುದರಿಂದ ದೂರ ಸಿಗುತ್ತದೆ. ಹಲವು ಆಂಟೆನಾಗಳಿಟ್ಟರೆ ದಿಕ್ಕೂ ಸಿಗುತ್ತದೆ.

ಹಾಗಾದರೆ ಯಂತ್ರ ಹೇಳಿದ್ದೆಲ್ಲ ವೇದವಾಕ್ಯವೇ? 1979ರಲ್ಲಿ ಮಯಾಮಿಯ ಟಿ.ವಿ. ವರದಿಯೊಂದು ಇದಕ್ಕೆ ಉತ್ತರ ಕೊಟ್ಟಿತು. ಅಲ್ಲಿನ ಪೊಲೀಸ್ ರೇಡಾರ್ ಒಂದು ತಾಳೆ ಮರ ಗಂಟೆಗೆ 86 ಮೈಲಿ ವೇಗದಲ್ಲೂ, ಒಂದು ಮನೆ 28 ಮೈಲಿ ವೇಗದಲ್ಲೂ ಓಡುತ್ತಿದೆಯೆಂದು ತೋರಿಸಿತು! ಆ ವರ್ಷ ಅಲ್ಲಿನ ನ್ಯಾಯಾಧೀಶರೊಬ್ಬರು ರೇಡಾರ್ ಸಾಕ್ಷ್ಯವನ್ನು ಒಪ್ಪಲಿಲ್ಲ. ತೆಂಗಿನ ನಾಡಾದ ಕೇರಳದಲ್ಲಿ ಹೀಗಾದರೆ ದಂಡದ ನೋಟೀಸು ಅಂಟಿಸಲು ಇಲಾಖೆಗೆ ಜನ ಸಾಲದು. ತಮಾಷೆ ಇರಲಿ, ಆಮೇಲೆಯೇ ಅಮೆರಿಕದಲ್ಲಿ ಈ ಯಂತ್ರಗಳಿಗೆ ಗಟ್ಟಿ ಮಾನದಂಡಗಳು ಬಂದವು. ತಪ್ಪು ತರಂಗದ್ದಲ್ಲ. ಯಾವ ಮಾರ್ದನಿ ಯಾರದ್ದು ಎಂದು ಹಂಚುವಲ್ಲಿ ತಪ್ಪಾಗುತ್ತದೆ. ಲಾರಿಯ ಮಾರ್ದನಿ ದೊಡ್ಡದು, ಸ್ಕೂಟರಿನದು ಸಣ್ಣದು. ಬಸ್ಸಿನ ಮರೆಯಲ್ಲಿ ಬಂದ ಆಟೋದ ಮಾರ್ದನಿ ಬಾರದೆಯೂ ಇರಬಹುದು.

ಇನ್ನು ನಾವಿರುವ ಊರಿಗೆ ಬರೋಣ. ಕೇರಳಕ್ಕೆ ರೇಡಾರ್ ಹೊಸದಲ್ಲ. 1963ರ ನವೆಂಬರ್ 21ರಂದು ತಿರುವನಂತಪುರದ ತುಂಬಾದಿಂದ ಮೊದಲ ರಾಕೆಟ್ ಹಾರಿತು. ನಮ್ಮ ‘ತುಂಬಾ’ ಅಲ್ಲ, ಊರಿನ ಹೆಸರು! ಭೂಮಿಯ ಅಯಸ್ಕಾಂತೀಯ ಸಮಭಾಜಕ ರೇಖೆಯ ಹತ್ತಿರವೆಂದು ಆರಿಸಿದ ಆ ಮೀನುಗಾರರ ಹಳ್ಳಿಯಲ್ಲಿ, ಮೇಲಿನ ವಾಯುಮಂಡಲದ ವಿದ್ಯುತ್ ಪ್ರವಾಹದ ಚಲನೆಯನ್ನು ವಿಜ್ಞಾನಿಗಳು ಇದೇ ಡಾಪ್ಲರ್ ಲೆಕ್ಕದಿಂದ ಅಳೆದರು. ಕೊಚ್ಚಿ ವಿಶ್ವವಿದ್ಯಾಲಯದಲ್ಲಿ 619 ಆಂಟೆನಾಗಳ ರೇಡಾರ್ ಒಂದಿದೆ. ಅದು ಮುಂಗಾರಿನ ಗಾಳಿಯನ್ನು ಅಳೆಯುತ್ತದೆ. ಗಾಳಿಯ ವೇಗ ಅಳೆಯುವ ವಿದ್ಯೆಯೇ ಗಾಡಿಯ ವೇಗವನ್ನೂ ಅಳೆಯುವುದು.

ರಸ್ತೆಯ ಕೆಲಸಕ್ಕೆ ಬಂದದ್ದು ಕೆಲ್ಟ್ರಾನ್. 1973ರಲ್ಲಿ ಕೆ.ಪಿ.ಪಿ. ನಂಬಿಯಾರ್ ಅವರ ಮುಂದಾಳತ್ವದಲ್ಲಿ ತಿರುವನಂತಪುರದಲ್ಲಿ ಶುರುವಾದ ರಾಜ್ಯ ಸರಕಾರಿ ಕಂಪನಿ ಇದು. ನಮ್ಮ ಬೆಂಗಳೂರಿನಲ್ಲಿ 1954ರಿಂದಲೇ ಇರುವ ಬಿ.ಇ.ಎಲ್. ಸೈನ್ಯಕ್ಕೆ ರೇಡಾರ್ ಮಾಡಿಕೊಟ್ಟರೆ, ಕೇರಳದ ಮನೆಗಳಿಗೆ ಕೆಲ್ಟ್ರಾನ್ ಟಿ.ವಿ. ಬಂತು. ಹಳಬರಿಗೆ ನೆನಪಿದ್ದೀತು. 2021ರಲ್ಲಿ ಕೊಚ್ಚಿಯ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಇದೇ ಕೆಲ್ಟ್ರಾನ್, ಗಾಡಿಗಳ ದಟ್ಟಣೆಯನ್ನು ರೇಡಾರ್‌ನಿಂದ ಅಳೆದು ತಾನೇ ಸಮಯ ಬದಲಿಸಿಕೊಳ್ಳುವ ಸಿಗ್ನಲ್‌ಗಳನ್ನು ಅಳವಡಿಸಿತು.

2023ರ ಜೂನ್ 5ರಿಂದ ದಂಡ ಹಾಕತೊಡಗಿದ ‘ಸೇಫ್ ಕೇರಳ’ ಕ್ಯಾಮೆರಾಗಳನ್ನು ಜನ ರೇಡಾರ್ ಎಂದೇ ಕರೆಯುವುದುಂಟು. ಅದು ಸರಿಯಲ್ಲ. ಆ 726ರಲ್ಲಿ 675 ಹೆಲ್ಮೆಟ್, ಸೀಟ್ ಬೆಲ್ಟ್, ಮೊಬೈಲ್ ನೋಡುವಂಥವು, ಚಿತ್ರದಿಂದ ಕೆಲಸ ಮಾಡುವಂಥವು. ವೇಗ ಅಳೆಯುವವು ನಿಂತವು ನಾಲ್ಕು, ಓಡಾಡುವವು ನಾಲ್ಕು, ಅಷ್ಟೇ.

ನಮ್ಮ ಬೀದಿಯಲ್ಲಿ ಹೋಟೆಲು ನಡೆಸುವ ಕುಂದಾಪುರದ ಹಿರಿಯರೊಬ್ಬರಿಗೆ ಹಿಂದೊಮ್ಮೆ ವೇಗದ ನೋಟೀಸು ಬಂದಿತ್ತು. “ಅಲ್ಲ ಮಾರಾಯ್ರೇ, ಮೆಷಿನ್ನು ಹೇಳಿತು ಅಂತ ನಾನು ದುಡ್ಡು ಕೊಡ್ಬೇಕಾ?” ಎಂದು ಕೇಳಿದರು. ಫೋಟೋ ತೆರೆದು ನೋಡಿದೆವು. ಕಾರು ಅವರದ್ದೇ, ರಸ್ತೆಯೂ ಅವರು ಹೋದದ್ದೇ. ಕಟ್ಟಿ ಮುಗಿಸಿದರು. ಆದರೆ ಅವರ ಪ್ರಶ್ನೆ ನ್ಯಾಯವಾದದ್ದೇ. ಕಿರಾಣಿ ಅಂಗಡಿಯ ತಕ್ಕಡಿಗೆ ಇಲಾಖೆಯ ಮುದ್ರೆ ಬೇಕು, ಪೆಟ್ರೋಲ್ ಬಂಕಿನ ಮೀಟರಿಗೆ ಬೇಕು. ಸಾವಿರಾರು ರೂಪಾಯಿ ದಂಡ ಹಾಕಿಸುವ ಯಂತ್ರಕ್ಕೆ ಬೇಡವೇ?

ಈ ಪ್ರಶ್ನೆಗೆ ನಮ್ಮ ದೇಶದಲ್ಲಿ ಉತ್ತರ ಬರಲು ಬಹಳ ಕಾಲ ಹಿಡಿಯಿತು. 2021ರ ಆಗಸ್ಟ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿಸಿದ 167ಎ ನಿಯಮ, ಇಂಥ ಉಪಕರಣಗಳಿಗೆ ಪ್ರತಿವರ್ಷ ನವೀಕರಿಸುವ ಒಪ್ಪಿಗೆ ಪತ್ರ ಬೇಕು, ರಸ್ತೆಯಲ್ಲಿ ಎಚ್ಚರಿಕೆ ಫಲಕ ಬೇಕು ಎಂದಿತು. 2025ರ ಏಪ್ರಿಲ್‌ನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ವೇಗ ಅಳೆಯುವ ರೇಡಾರ್‌ಗಳನ್ನೇ ಹೆಸರಿಸಿ ತೂಕ-ಅಳತೆಯ ನಿಯಮ ಹೊರಡಿಸಿತು. ಆ ವರ್ಷದ ಜುಲೈ 1ರಿಂದ ಅವುಗಳನ್ನು ಪರಿಶೀಲಿಸಿ ಮುದ್ರೆ ಹಾಕುವುದು ಕಡ್ಡಾಯ. ಅಂದರೆ ತಕ್ಕಡಿಯ ಸಾಲಿಗೆ ರೇಡಾರ್ ಕೂಡ ಬಂತು. ನೋಟೀಸು ಬಂದವರು ಕೇಳಬೇಕಾದದ್ದು “ಮೆಷಿನ್ನು ನಂಬಬೇಕಾ” ಎಂದಲ್ಲ, “ಇದಕ್ಕೆ ಮುದ್ರೆ ಯಾವಾಗ ಬಿತ್ತು, ಫೋಟೋದಲ್ಲಿ ಇರುವುದು ನನ್ನ ಗಾಡಿಯೇ” ಎಂದು.

ನಮ್ಮಂಥ ಹೊರನಾಡಿಗರಿಗೆ ಒಂದು ಕಿವಿಮಾತು. ಇಲ್ಲಿದ್ದೂ ಕೆ.ಎ. ನಂಬರಿನ ಗಾಡಿ ಓಡಿಸುವವರಿದ್ದಾರೆ. ನೋಟೀಸು ಹೋಗುವುದು ಗಾಡಿಯ ದಾಖಲೆಯಲ್ಲಿರುವ ವಿಳಾಸಕ್ಕೆ, ಆ ಮೊಬೈಲಿಗೆ. ಅದು ಊರಿನ ಹಳೇ ಮನೆಯಾಗಿದ್ದರೆ ಮಾರ್ದನಿ ನಿಮ್ಮ ಕಿವಿಗೆ ಬೀಳುವುದೇ ಇಲ್ಲ. ದಾಖಲೆ ಸರಿಮಾಡಿಸಿಕೊಳ್ಳಿ.

ಮುಂದೆ ಏನೇನು ಬರಲಿದೆಯೋ. 2020ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರೂ ಮರ್ಸಿಡಿಸ್ ಕಂಪನಿಯವರೂ ಸೇರಿ, ಗೋಡೆಗೆ ಬಡಿದು ತಿರುಗಿ ಬರುವ ರೇಡಾರ್ ಮಾರ್ದನಿಯಿಂದ ತಿರುವಿನಾಚೆಯ ಜನರನ್ನೂ ಸೈಕಲ್ಲುಗಳನ್ನೂ ಗುರುತಿಸುವ ವಿಧಾನ ತೋರಿಸಿದರು. ಮಟ್ಟಾಂಚೇರಿಯ ಇಕ್ಕಟ್ಟು ಗಲ್ಲಿಗಳಲ್ಲಿ ನಡೆದವರಿಗೆ ಅದರ ಬೆಲೆ ಹೇಳಬೇಕಾಗಿಲ್ಲ.

ಗಾಡಿ ಎಣಿಸುವ ರೇಡಾರ್‌ನ ಲೆಕ್ಕದಲ್ಲಿ ಫುಟ್‌ಪಾತಿನ ಅಂಚಿನಲ್ಲಿ ಛತ್ರಿ ಹಿಡಿದು ರಸ್ತೆ ದಾಟಲು ಕಾಯುವ ಅಜ್ಜಿ ಬರುವುದಿಲ್ಲ. ಅದಕ್ಕೇ ಕೊಚ್ಚಿಯ ಅದೇ ಯೋಜನೆಯಲ್ಲಿ, ಪಾದಚಾರಿಗಳು ಗುಂಡಿ ಒತ್ತಿ ಗಾಡಿಗಳನ್ನು ನಿಲ್ಲಿಸುವ ದೀಪಗಳನ್ನೂ ಇಟ್ಟರು. ಅಜ್ಜಿಗೆ ಮಾರ್ದನಿ ಇಲ್ಲ, ಬೆರಳಿದೆ. ಆ ಗುಂಡಿ ಕೆಲಸ ಮಾಡುತ್ತಿದೆಯೇ ಎಂದು ನೋಡಿಕೊಳ್ಳುವುದೂ ರೇಡಾರ್‌ಗೆ ಮುದ್ರೆ ಹಾಕಿಸುವಷ್ಟೇ ಮುಖ್ಯ. ನಿಮ್ಮೂರಿನ ಜಂಕ್ಷನ್‌ನಲ್ಲಿ ಆ ಗುಂಡಿ ಇದೆಯೇ? ಒಮ್ಮೆ ಒತ್ತಿ ನೋಡಿ.